ಹಂಸಬುಟ್ಟಾ ಎಂದು ಕೂಗಿದ ಫೋನು

"ನೆಟ್ಗೆ ನಮ್ಮಟ್ಟಿ ಬಾಗ್ಲುಗೇ ಬಂದು ನಿಂತ್ರು ಕಣವ್ವ. ಯಾರನ್ನೂ ಕೇಳ್ನಿಲ್ಲ. ಎಡಕ್ಕೂ ನೋಡ್ನಿಲ್ಲ, ಬಲಕ್ಕೂ ನೋಡ್ನಿಲ್ಲ. ಮೈಮೇಲೆ ದೇವ್ರು ಬಂದೋರಂಗೆ ಕೈ ಮುಂದಕ್ಕೆ ಚಾಚ್ಕಂಡು ಬಂದ್ರು."

ದೊಡ್ಡಮಾದಮ್ಮ ಬಾಯಲ್ಲಿ ಹೇಳಿದ್ದು ಸಾಲದೆಂದು ತಾನೂ ಕೈ ಚಾಚಿ ಅಂಗಳದಲ್ಲಿ ನಡೆದು ತೋರಿಸಿದಳು. ಯಳಂದೂರು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಆ ಪುಟ್ಟ ಮನೆಯ ಜಗುಲಿ ಮೇಲೆ ಕೋಮಲ ಕೂತಿದ್ದಳು. ಕೂತಿದ್ದಳು ಅನ್ನುವುದಕ್ಕಿಂತ ಕುಸಿದಿದ್ದಳು ಅನ್ನಬೇಕು.

ರೋಜಾ ಕಾಣೆಯಾಗಿದ್ದಳು. ಕೊಳ್ಳೇಗಾಲದಲ್ಲಿ ಶಿವರುದ್ರಸ್ವಾಮಿಯ ರೇಷ್ಮೆ ಗೋಡೌನಿಗೆ ಬೆಂಕಿ ಬಿದ್ದು ಕಾವಲುಗಾರ ಶಿವನಂಜಯ್ಯ ಒಳಗೇ ಸುಟ್ಟುಹೋದನಲ್ಲ, ಆ ದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದದ್ದನ್ನು ಕಂಡವಳು ಅವಳೊಬ್ಬಳೇ. ನಾಳೆ ಕೋರ್ಟಿನಲ್ಲಿ ಅದನ್ನು ಹೇಳಬೇಕಾದವಳೂ ಅವಳೇ.

ರೋಜಾ ಮಾರ್ಟಳ್ಳಿ ಕಡೆಯ ಹುಡುಗಿ. ಕೋಮಲಳ ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದವಳು. ಲಾಳಿಯೊಳಗೆ ಇಡುವ ನೂಲಿನ ಸುರುಳಿಗೆ ಕಂಡಿಕೆ ಅನ್ನುತ್ತಾರೆ; ಅವಳು ಸುತ್ತಿದ ಕಂಡಿಕೆ ನಡುವೆ ಕಡಿಯುತ್ತಿರಲಿಲ್ಲ. ಆ ಮನೆಯಲ್ಲೇ ಉಂಡು, ಆ ಮನೆಯಲ್ಲೇ ಬೆಳೆದಳು ಅಂದರೂ ತಪ್ಪಿಲ್ಲ. ಕೋಮಲಳೂ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಕೆಂಚಯ್ಯನೂ ಸೇರಿ ಅವಳನ್ನು ಕೆಂಚಯ್ಯನ ಅಕ್ಕ ದೊಡ್ಡಮಾದಮ್ಮನ ಮನೆಯಲ್ಲಿ ಅಡಗಿಸಿಟ್ಟಿದ್ದರು. ಜಾಗ ಗೊತ್ತಿದ್ದದ್ದು ಈ ಮೂವರಿಗೆ ಮಾತ್ರ.

"ಅವರ ಕೈಲಿ ಏನಿತ್ತು ದೊಡ್ಡಮ್ಮ? ಫೋನಾ?"

"ಒಬ್ಬನ ಕೈಲಿ ಫೋನಿತ್ತು. ಇನ್ನೊಬ್ಬನ ಕೈಲಿ ಒಂದು ಕರೀ ಡಬ್ಬಿ. ಸೋಪಿನ ಡಬ್ಬಿಯಷ್ಟಿರ್ಬೌದು. ಅದುಕ್ಕೊಂದು ಕೊಂಬು."

"ಕೊಂಬಾ?" ಎಂದ ಕೆಂಚಯ್ಯ. "ಅಕ್ಕಯ್ಯ, ವಸಿ ನೋಡ್ಕಂಡು ಹೇಳು. ನಾಳೆ ಲಾಯರ್ ಮುಂದೆ ಕೊಂಬು ಗಿಂಬು ಅಂದ್ರೆ ನಗ್ತಾರೆ."

"ನಗ್ಲಿ ಬುಡ್ಲಾ. ಅಷ್ಟೊರ್ಷ ಪೋಲೀಸ್‌ನಾಗೆ ಇದ್ದು ನೀನೇನ್ ಹಿಡ್ದೆ? ಒಬ್ಬ ಸೈಕಲ್ ಕಳ್ಳನ್ನ. ಅವ್ನೂ ಜಾತ್ರೇಲಿ ತಪ್ಪಿಸ್ಕಂಡ."

"ಸಿಕ್ದ ಆಮೇಲೆ!"

"ಅವ್ನಾಗವ್ನೇ ಬಂದ."

ಬೇರೆ ದಿನವಾಗಿದ್ದರೆ ಕೋಮಲ ನಗುತ್ತಿದ್ದಳು. ಇವತ್ತು ಅವಳ ಕಿವಿಯಲ್ಲಿ ನಿಂತಿದ್ದು ಆ ಕಪ್ಪು ಡಬ್ಬಿ, ಅದರ ಕೊಂಬು.

"ಏನಾದ್ರೂ ಮಾತಾಡಿದ್ರಾ ಅವರು?"

"'ಇಲ್ಲೇ ಕೂಗ್ತಾ ಐತೆ ಕಣ್ಲಾ, ಇಲ್ಲೇ' ಅಂದ ಡಬ್ಬಿ ಹಿಡ್ದೋನು. ಏನ್ ಕೂಗ್ತಾ ಐತೆ? ಆಟೊತ್ನಲ್ಲಿ ನನ್ ಕೋಳೀನೂ ಕೂಗ್ನಿಲ್ಲ. ರೋಜಾ ಹಿಂದ್ಗಡೆ ಪಾತ್ರೆ ತಿಕ್ತಾ ಇದ್ಲು. ದನಿ ಕೇಳಿದ್ದೇ ತಡ, ಪಾತ್ರೆ ಅಲ್ಲೇ ಬುಟ್ಟು ಹಿಪ್ಪುನೇರಳೆ ತೋಟುಕ್ಕೆ ಬಿದ್ಬುಟ್ಲು. ಇವ್ರು ಮನೆಯೆಲ್ಲ ಜಾಲಾಡುದ್ರು. ನನ್ ಕೈ ಹಿಂಗೆ ತಿರುವುದ್ರು, ನೋಡು."

ಮುದುಕಿಯ ಮುಂಗೈ ಕಪ್ಪಗೆ ಕಂದಿತ್ತು. ಕೆಂಚಯ್ಯನ ಮುಖದ ಮೇಲಿದ್ದ ನಗು ಅಲ್ಲಿಗೇ ಆರಿತು.

"ಓಗೋವಾಗ ಒಬ್ಬ ಕೇಳ್ದ ಕಣವ್ವ," ಎಂದಳು ದೊಡ್ಡಮಾದಮ್ಮ, ದನಿ ತಗ್ಗಿಸಿ. "'ಅಜ್ಜೀ, ನಿಮ್ ಹಿತ್ಲು ಬಾವಿ ಎಷ್ಟು ಆಳ ಐತೆ?' ಅಂತ. ನೀರು ಐತಾ ಅಂತ ಕೇಳ್ಬೌದು. ಆಳ ಯಾಕ್ ಕೇಳ್ತಾರೆ?"

ಕೆಂಚಯ್ಯ ಎದ್ದು ಸ್ಕೂಟರಿನ ಕೀಲಿ ತೆಗೆದ. "ತೋಟ ದಾಟುದ್ರೆ ಸಂತೆಮರಳ್ಳಿ ರೋಡು. ಅಲ್ಲಿಂದ ಎತ್ಲಾಗೆ ಓದ್ಲು ಅಂತ ನಾನು ಕೇಳ್ಕಂಡು ಬತ್ತೀನಿ. ನೀನು?"

"ನಾನು ಹನೂರಿಗೆ ಹೋಗ್ತೀನಿ ಮಾವ."

"ಹನೂರ್‌ನಾಗೆ ಯಾರವ್ರೆ?"

"ಆ ಥರದ ಡಬ್ಬಿ ಇರೋದೇ ಎರಡು. ಒಂದು ನಮ್ಮನೆ ಬೀರುವಿನಲ್ಲಿದೆ. ಇನ್ನೊಂದು ನಿರಂಜನ್ ಕೈಲಿದೆ."

*

ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಕೋಮಲ ಕಣ್ಣು ಮುಚ್ಚಿದಳು. ನಿದ್ದೆ ಬರಲಿಕ್ಕಲ್ಲ, ನಿರಂಜನನ ಮುಖ ಎದುರಿಗೆ ತಂದುಕೊಳ್ಳಲಿಕ್ಕೆ.

ಹನೂರಿನ ಪಕ್ಕದ ಶಾಗ್ಯದ ಹುಡುಗ ಅವನು. ಮೈಸೂರಿನ ಲ್ಯಾಬಿನಲ್ಲಿ ಅವಳಿಗೆ ಸೀನಿಯರ್. ಹೋದ ಹೊಸದರಲ್ಲಿ ಸೆಮಿನಾರಿಗೆ ನಿಂತು ಅವಳ ನಾಲಿಗೆ ಒಣಗಿದಾಗ ಹಿಂದಿನ ಬೆಂಚಿನಿಂದ "ನಮ್ಮೂರ್ ಭಾಷೇಲೇ ಹೇಳು, ಅರ್ಥ ಆಯ್ತದೆ" ಎಂದು ಕೂಗಿ ಎಲ್ಲರನ್ನೂ ನಗಿಸಿ ಅವಳನ್ನು ಬದುಕಿಸಿದವನು. ಅವಳ ಸಂಶೋಧನೆಯ ಅರ್ಧ ಕೆಲಸ ಅವನ ಹೆಗಲ ಮೇಲಿತ್ತು.

ಸಂಶೋಧನೆ ಅಂದರೆ ದೊಡ್ಡ ಮಾತೇನಲ್ಲ. ವೈಫೈ ಆನ್ ಆಗಿರುವ ಫೋನು ಜೇಬಿನಲ್ಲಿ ಸುಮ್ಮನೆ ಮಲಗಿರುವುದಿಲ್ಲ. ಹಿಂದೆ ಯಾವ ಯಾವ ವೈಫೈಗೆ ಸೇರಿಕೊಂಡಿತ್ತೋ, ಕೆಲವು ಫೋನುಗಳು ಅವುಗಳ ಹೆಸರು ಹಿಡಿದು ಹೋದಲ್ಲೆಲ್ಲ ಕೂಗುತ್ತಿರುತ್ತವೆ: ಇದ್ದೀಯಾ? ಇದ್ದೀಯಾ? ಮನುಷ್ಯರ ಕಿವಿಗೆ ಅದು ಕೇಳುವುದಿಲ್ಲ. ಕೇಳಿಸಿಕೊಳ್ಳುವ ಪೆಟ್ಟಿಗೆಗಳನ್ನು ಕೋಮಲ ಮತ್ತು ನಿರಂಜನ್ ಮಾಡಿದ್ದರು. ಕೊಳ್ಳೇಗಾಲ, ಹನೂರು, ಯಳಂದೂರು ಬಸ್‌ಸ್ಟ್ಯಾಂಡುಗಳ ಅಂಗಡಿಗಳಲ್ಲಿ ಒಂದೊಂದು ಇಟ್ಟು, ಇಂಥ ಕೆಲಸಕ್ಕೆ ಎಂದು ಬೋರ್ಡನ್ನೂ ಹಾಕಿದ್ದರು. ಕೂಗು ಬರುವ ಕಡೆಗೇ ನಡೆದು ಹೋಗಿ ಫೋನನ್ನು ಪತ್ತೆ ಹಚ್ಚಲಿಕ್ಕೆ ಆಂಟೆನಾ ಇರುವ ಕೈಡಬ್ಬಿ ಎರಡು. ಒಂದು ಫೋನು ತನ್ನ ಯಜಮಾನನ ಗುಟ್ಟನ್ನು ಎಷ್ಟು ಸುಲಭವಾಗಿ ಊರಿಗೆಲ್ಲ ಸಾರುತ್ತದೆ ಎಂದು ತೋರಿಸುವುದು ಅವಳ ಉದ್ದೇಶ. ತೋರಿಸಿ, ಜನರನ್ನು ಕಾಪಾಡುವುದು.

ಯಾರ ಫೋನು ಯಾವುದು ಅಂತ ತನಗೂ ತಿಳಿಯದ ಹಾಗೆ ಗುರುತುಗಳನ್ನೆಲ್ಲ ಕಲಸಿಬಿಟ್ಟಿದ್ದಳು. ಕೂಗಿದ ಹೆಸರುಗಳನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಅವೇ ಇಲ್ಲದಿದ್ದರೆ ಸಂಶೋಧನೆ ಯಾತರ ಮೇಲೆ?

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿದಳು. ಮನೆ ಅಲ್ಲಿಂದ ಕೂಗಳತೆ. ಹೋಗಲಿಲ್ಲ. ಅಪ್ಪನ ಎದುರು ಕೂತರೆ ಅತ್ತುಬಿಡುತ್ತೇನೆ ಎಂದು ಅವಳಿಗೆ ಭಯ.

*

ಹನೂರಿನ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ನಿರಂಜನ್ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದ. ಬ್ರೆಡ್ಡಿನ ಕಪಾಟಿನ ಮೇಲೆ, ಟಿವಿಯ ಪಕ್ಕ, ಅವರ ಪೆಟ್ಟಿಗೆ.

"ಇರುವೆ ಸೇರ್ಕೊಂಡಿದೆ ಕಣೇ," ಎಂದ ಅವಳನ್ನು ಕಂಡು. "ಈ ಬೇಕರಿ ಸಹವಾಸ ಬೇಡ ಅಂದೆ, ಕೇಳಿದ್ಯಾ? ನಮ್ಮ ಪೆಟ್ಟಿಗೆಗಿಂತ ಸಿಹಿಯಾದ್ದು ಊರಲ್ಲೇ ಇಲ್ಲ ಅಂದ್ಕೊಂಡಿದ್ದಾವೆ."

"ನಿನ್ನ ಕೈಡಬ್ಬಿ ಎಲ್ಲಿ?"

"ಚೆನ್ನಾಗಿದ್ದೀಯಾ ಅಂತಾದ್ರೂ ಕೇಳು ತಾಯಿ."

"ಎಲ್ಲಿ ನಿರಂಜನ್?"

ಅವನು ಅವಳ ಮುಖ ನೋಡಿದ. ಸ್ಟೂಲಿನಿಂದ ಇಳಿದ. ಬ್ಯಾಗಿನ ಜಿಪ್ಪು ತೆಗೆದು ಕಪ್ಪು ಡಬ್ಬಿಯನ್ನು ಮೇಜಿನ ಮೇಲಿಟ್ಟ. ಪುಟ್ಟ ಆಂಟೆನಾ ಮಡಿಚಿಕೊಂಡಿತ್ತು. ಅದರ ಬೆನ್ನಿಗೆ ಹಚ್ಚಿದ್ದ ಲ್ಯಾಬಿನ ಚೀಟಿಯ ಮೇಲೆ ಅವನ ಹೆಸರು.

"ಬೆಳಿಗ್ಗೆಯಿಂದ ಇಲ್ಲೇ ಇದ್ದೀನಿ. ಬೇಕರಿಯವರನ್ನ ಕೇಳು. ಈಗ ಹೇಳು, ಏನಾಯ್ತು?"

ಅವಳು ಹೇಳಿದಳು. ಪೂರ್ತಿ ಕೇಳಿದ ಮೇಲೆ ಅವನು ಡಬ್ಬಿಯನ್ನು ಬ್ಯಾಗಿಗೆ ಹಾಕಿ ಜಿಪ್ಪೆಳೆದ.

"ನನ್ನ ಮೇಲೆ ಅನುಮಾನ ಬಂತಾ ನಿಂಗೆ?"

"ಬಂತು."

"ದಾರಿಯುದ್ದಕ್ಕೂ?"

"ದಾರಿಯುದ್ದಕ್ಕೂ."

"ಸುಳ್ಳಾದ್ರೂ ಹೇಳ್ಬಾರ್ದಾ?" ಎಂದು ನಗಲು ಹೋದ. ನಗು ಬರಲಿಲ್ಲ. ಲ್ಯಾಪ್‌ಟಾಪ್ ತೆರೆದು ಅವಳ ಕಡೆ ತಿರುಗಿಸಿದ. "ನೋಡೋಣ. ಪೆಟ್ಟಿಗೆಗಳ ದಾಖಲೆಯೊಳಗೆ ಯಾರೇ ಹುಡುಕಾಡಿದ್ರೂ ಹೆಜ್ಜೆಗುರುತು ಉಳಿಯುತ್ತೆ. ನಿನ್ನದು, ನನ್ನದು, ಗೈಡ್ ಮೇಡಂದು, ಮೂರೇ ಲಾಗಿನ್."

ಅವನ ಬೆರಳುಗಳು ಓಡಿದವು. ನಿಂತವು.

"ಮೊನ್ನೆ ಒಬ್ರು ಮೂರೂ ಪೆಟ್ಟಿಗೇಲಿ ಹುಡುಕಿ ಯಳಂದೂರಿನದ್ರಲ್ಲಿ ನಿಲ್ಲಿಸಿದ್ದಾರೆ. ನಿನ್ನ ಲಾಗಿನ್ನು, ಕೋಮಲ."

"ಮೊನ್ನೆ ನಾನು ಮೈಸೂರಲ್ಲಿ ಸೆಮಿನಾರ್ ಕೊಡ್ತಾ ಇದ್ದೆ. ನೀನೇ ಮುಂದೆ ಕೂತಿದ್ದೆ."

"ಅದಕ್ಕೇ ಹೇಳ್ತಿದ್ದೀನಿ. ಇದು ನಿನ್ನ ಈಗಿನ ಲ್ಯಾಪ್‌ಟಾಪ್ ಅಲ್ಲ. ಹಳೇದು."

ಹಳೆಯ ಲ್ಯಾಪ್‌ಟಾಪ್ ಕೊಳ್ಳೇಗಾಲದ ಮನೆಯಲ್ಲಿತ್ತು. ಸೀರೆಯ ಡಿಸೈನು ಬರೆಯಲು ತಮ್ಮ ಉಮೇಶನಿಗೆ ಕೊಟ್ಟಿದ್ದಳು. ಪಾಸ್‌ವರ್ಡ್ ಅದರಲ್ಲೇ ಉಳಿದಿತ್ತು.

"ಯಾರೋ ಮನೆಗೆ ಬಂದವರು..." ಎಂದಳು ಕೋಮಲ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ಶಿವರುದ್ರಸ್ವಾಮಿ ಕಡೆಯವರು ನೂಲಿನ ಲೆಕ್ಕ ನೋಡೋಕೆ ಬರ್ತಾರೆ. ಯಾರಾದ್ರೂ ಉಮೇಶ ಇಲ್ಲದಾಗ ಕೂತು..."

"ಇರಬಹುದು," ಎಂದ ನಿರಂಜನ್, ಮೆಲ್ಲಗೆ. "ಆದ್ರೆ ಅವರು ಹುಡುಕಿದ್ದು ಒಂದೇ ಒಂದು ಹೆಸರು ಕೋಮಲ. 'ಹಂಸಬುಟ್ಟಾ'. ಏನಿದು?"

ಕೋಮಲ ಬೆಂಚಿನ ಅಂಚು ಹಿಡಿದುಕೊಂಡಳು.

"ನಮ್ಮನೆ ವೈಫೈ."

"ನಿಮ್ಮನೇಲಿ ನಾನು ಎಷ್ಟು ಸಲ ಊಟ ಮಾಡಿದ್ದೀನಿ! ನನ್ನ ಫೋನಲ್ಲಿ ಆ ಹೆಸರು ಯಾವತ್ತೂ ಕಂಡಿಲ್ವಲ್ಲ?"

ಕಾಣುವುದಿಲ್ಲ. ಅವಳೇ ಕಾಣದ ಹಾಗೆ ಮಾಡಿದ್ದಳು. ನೇಕಾರರ ಬೀದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಒಂದು ಗೋಡೆಗೆ ಎರಡು ಮನೆ. ಪಕ್ಕದ ಮನೆಯವರು ಹೇಗೋ ಪಾಸ್‌ವರ್ಡ್ ತಿಳಿದುಕೊಂಡು ಇವರ ವೈಫೈಯಲ್ಲೇ ಸಿನಿಮಾ ನೋಡುತ್ತಾರೆ, ಕೇಳಿದರೆ ಜಗಳ, ಕೇಳದಿದ್ದರೆ ನಷ್ಟ ಅಂತ ಅವ್ವ ಗೊಣಗಿದ್ದಳು. ಜಗಳ ಯಾಕೆ ಅಂತ ಕೋಮಲ ಹೆಸರನ್ನೇ ಬದಲಾಯಿಸಿ, ಅಪ್ಪ ಸೀರೆಯಲ್ಲಿ ನೇಯುವ ಹಂಸದ ಚಿತ್ತಾರದ ಹೆಸರಿಟ್ಟು, ಅದನ್ನು ಮರೆಮಾಡಿಬಿಟ್ಟಳು. ಮನೆಯವರ ಫೋನುಗಳಿಗೆ ಮಾತ್ರ ತಾನೇ ಕೂತು ಸೇರಿಸಿಕೊಟ್ಟಳು. ರೋಜಾಳ ಫೋನಿಗೂ.

ಮರೆಮಾಡಿದ ಹೆಸರನ್ನು ಫೋನು ತಾನಾಗಿ ಕಾಣಲಾರದು. ಹಾಗಾಗಿ ಹೋದ ಊರಲ್ಲೆಲ್ಲ ಆ ಹೆಸರು ಹಿಡಿದು ಕೂಗಿಯೇ ಕೂಗುತ್ತದೆ. ಇದನ್ನು ಅವಳು ತನ್ನ ಪ್ರಬಂಧದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು. ಊರಿನವರೆಲ್ಲರ ಫೋನಿನ ಬಗ್ಗೆ ಯೋಚಿಸಿದವಳು ತನ್ನ ಮನೆಯದನ್ನು ಯೋಚಿಸಿರಲಿಲ್ಲ. ರೋಜಾಳನ್ನು ಅಡಗಿಸುವಾಗ ಸಿಮ್ ಬದಲಿಸಿದ್ದಳು, ಲೊಕೇಶನ್ ಆಫ್ ಮಾಡಿದ್ದಳು. ವೈಫೈ ಹಾಗೇ ಇತ್ತು. ಆ ಹುಡುಗಿ ಯಳಂದೂರಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾಗ ಅವಳ ಫೋನು ಕೊಳ್ಳೇಗಾಲದ ಮನೆಯನ್ನು ಕರೆಯುತ್ತಲೇ ಇತ್ತು.

"ಹೊರಗಿನವರಿಗೆ ಈ ಹೆಸರು ಗೊತ್ತಿರೋಕೆ ಸಾಧ್ಯ ಇಲ್ಲ, ಅಲ್ವಾ?" ಎಂದ ನಿರಂಜನ್.

ಅವಳು ಸಾಧ್ಯವಿಲ್ಲವೆಂದು ತಲೆಯಲ್ಲಾಡಿಸಿದಳು. ಕಣ್ಣು ಆಗಲೇ ತುಂಬಿತ್ತು.

"ಪಾಸ್‌ವರ್ಡ್ ಬದಲಾಯಿಸ್ತೀನಿ, ಇನ್ನು ಯಾರೂ ಒಳಗೆ ಬರೋಕಾಗಲ್ಲ," ಎಂದ ಅವನು. "ನಾನೂ ಬರ್ಲಾ ನಿನ್ನ ಜೊತೆ?"

"ಬೇಡ. ನಮ್ಮನೆ ವಿಷಯ."

ಹೇಳಿದ ಮೇಲೆ ಅವಳಿಗೇ ಅನ್ನಿಸಿತು, ಬೆಳಿಗ್ಗೆಯಿಂದ ಇವನನ್ನು ಕಳ್ಳನೆಂದು ಬೈದುಕೊಂಡವಳು ಈಗ ಹೊರಗಿನವನೂ ಮಾಡಿದೆನಲ್ಲ ಎಂದು. ಏನಾದರೂ ಹೇಳಬೇಕು ಅಂದುಕೊಂಡಳು. ಬಸ್ಸು ಹಾರನ್ ಹೊಡೆಯಿತು.

ಕಾಮಗೆರೆ ದಾಟುವಾಗ ಕೆಂಚಯ್ಯನಿಗೆ ಫೋನ್ ಮಾಡೋಣ ಎಂದು ತೆಗೆದಳು. ಏನಂತ ಹೇಳುವುದು? ನಮ್ಮ ಮನೆಯವರೇ ಅಂತಲೇ? ಹೆಸರಿನ ಮೇಲೆ ಬೆರಳಿಟ್ಟಳು. ಒತ್ತಲು ಆಗಲಿಲ್ಲ. ಮೊದಲು ಉಮೇಶನ ಬಾಯಿಂದ ಕೇಳುತ್ತೇನೆ, ಆಮೇಲೆ ಹೇಳಿದರಾಯಿತು ಅಂದುಕೊಂಡು ಫೋನು ಒಳಗಿಟ್ಟಳು.

*

"ಬಾವ್ವ, ಉಂಡ್ಯಾ? ಮೊಖ ಯಾಕಿಂಗೈತೆ?"

ಮಹದೇವಮ್ಮ ಬಾಗಿಲಲ್ಲೇ ನೀರಿನ ಚೊಂಬು ಹಿಡಿದು ಬಂದಳು. ಒಳಗೆ ಮಗ್ಗದ ಸದ್ದು. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದ ಪುಟ್ಟಸಿದ್ದಯ್ಯ ಮಗಳನ್ನು ನೋಡಿ ತಲೆಯಾಡಿಸಿ ಮತ್ತೆ ಲಾಳಿಯ ದಾರ ಎಳೆದ. ಮೂಲೆಯಲ್ಲಿ ಉಮೇಶ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು ಸೀರೆಯ ಅಂಚಿಗೆ ನವಿಲೊಂದನ್ನು ಚೌಕ ಚೌಕವಾಗಿ ತುಂಬಿಸುತ್ತಿದ್ದ.

"ಬೀರು ಕೀಲಿ ಕೊಡವ್ವ," ಎಂದಳು ಕೋಮಲ.

"ಈಗ್ಯಾಕೆ? ಮೊದ್ಲು ಉಣ್ಣು. ಸೊಪ್ಪಿನ್ ಸಾರು ಮಾಡಿವ್ನಿ."

"ಕೊಡವ್ವ."

ಮಹದೇವಮ್ಮನ ಕೈ ಸೊಂಟದ ಗಂಟಿಗೆ ಹೋಯಿತು. ಬಿಚ್ಚಲು ತಡವಾಯಿತು.

ಬೀರುವಿನಲ್ಲಿ ಅವಳ ಸೆಮಿನಾರಿನ ಸರ್ಟಿಫಿಕೇಟುಗಳು, ಹಳೇ ವೈರುಗಳು. ಕೈಡಬ್ಬಿ ಇಡುತ್ತಿದ್ದ ಬಟ್ಟೆಯ ಚೀಲ ಅಲ್ಲೇ ಇತ್ತು. ಹಿಡಿದು ನೋಡಿದಳು. ಖಾಲಿ.

"ಏನಕ್ಕ, ರೇಡ್ ಮಾಡೋಕ್ ಬಂದಂಗ್ ಬಂದಿದ್ದೀಯ?" ಎಂದ ಉಮೇಶ ಪರದೆಯಿಂದ ಕಣ್ಣು ತೆಗೆಯದೆ.

"ಡಬ್ಬಿ ಎಲ್ಲೋ?"

"ಯಾವ್ ಡಬ್ಬಿ?"

"ಮೊನ್ನೆ ಈ ಲ್ಯಾಪ್‌ಟಾಪ್‌ನಲ್ಲಿ ಹಂಸಬುಟ್ಟಾ ಅಂತ ಹುಡುಕಿದ್ಯಲ್ಲ, ಆಮೇಲೆ ತಗೊಂಡ್ಹೋಗಿ ಕೊಟ್ಟ ಡಬ್ಬಿ."

ಪರದೆಯ ಮೇಲೆ ನವಿಲಿನ ಕತ್ತಿನ ಹತ್ತಿರ ಮೌಸಿನ ಬಾಣ ನಿಂತುಬಿಟ್ಟಿತು.

"ನೀನೇ ತಾನೆ ತೋರಿಸ್ಕೊಟ್ಟಿದ್ದು, ಹೆಂಗ್ ಹುಡುಕೋದು ಅಂತ," ಎಂದ ಉಮೇಶ. "ಹಬ್ಬುಕ್ ಬಂದಾಗ. 'ನೋಡ್ಲಾ ಉಮೇಶ, ನಿಮ್ಮಕ್ಕ ಏನ್ ಮಾಡವ್ಳೆ' ಅಂತ."

ತೋರಿಸಿದ್ದಳು. ಎಷ್ಟು ಖುಷಿಯಿಂದ ತೋರಿಸಿದ್ದಳು! ತಮ್ಮ ಬಾಯಿ ಬಿಟ್ಟು ನೋಡುತ್ತಿದ್ದರೆ ಇವಳಿಗೆ ಪದವಿ ಬಂದಷ್ಟೇ ಸಂತೋಷವಾಗಿತ್ತು.

"ಯಾರಿಗೆ ಕೊಟ್ಟೆ?"

"ಸಾವ್ಕಾರ್ರಿಗೆ."

"ಶಿವರುದ್ರಸ್ವಾಮಿಗೆ?"

"ಬುದ್ಧಿ ಹೇಳ್ತೀವಿ ಅಷ್ಟೇ ಅಂದ್ರು. ಹುಡ್ಗಿ ಮೈ ಮುಟ್ಟಲ್ಲ, ಅವ್ಳ ಊರಿಗೆ ಬುಟ್ಬುಟ್ಟು ಬತ್ತೀವಿ ಅಂದ್ರು."

"ಬುದ್ಧಿ 'ಹೇಳೋಕೆ' ಬಂದೋರು ಹಿತ್ಲು ಬಾವಿ ಎಷ್ಟಾಳ ಅಂತ ಯಾಕೋ ಕೇಳ್ತಾರೆ?"

ಉಮೇಶ ಈಗ ತಿರುಗಿದ. ಅದು ಅವನಿಗೆ ಗೊತ್ತಿರಲಿಲ್ಲ. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕೋಮಲಳಿಗೆ ಅದೊಂದೇ ಚೂರು ಸಮಾಧಾನ. ಅದೂ ನಿಲ್ಲಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಕೀಲಿ ಅವಳಿಗೇ ಚುಚ್ಚಿತು.

ಅವಳು ಅವ್ವನ ಕಡೆ ತಿರುಗಿದಳು.

"ಈ ಕೀಲಿ ಯಾವಾಗ್ಲೂ ನಿನ್ನ ಸೊಂಟದಲ್ಲೇ ಇರ್ತದಲ್ಲವ್ವ?"

ಮಹದೇವಮ್ಮ ಚೊಂಬನ್ನು ನೆಲಕ್ಕಿಟ್ಟಳು. ಸೆರಗಿನಿಂದ ಅದರ ಸುತ್ತ ಚೆಲ್ಲಿದ್ದ ನೀರು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ನೀನೂನಾ ಅವ್ವ? ಅವಳಿಗೆ ಜ್ವರ ಬಂದ್ರೆ ಪಕ್ಕದಲ್ಲಿ ಮಲಗಿಸ್ಕೊಳ್ತಿದ್ಯಲ್ಲ?"

"ನಿಂಗೆ ಗೊತ್ತಾಗಾಕಿಲ್ಲ ಕಣವ್ವ," ಎಂದಳು ಮಹದೇವಮ್ಮ, ನೆಲ ನೋಡುತ್ತಲೇ.

"ಗೊತ್ತಾಗೋ ಹಂಗೆ ಹೇಳು ಮತ್ತೆ! ಸಾವ್ಕಾರ್ರು ನೂಲು ಕೊಡಲ್ಲ ಅಂದ್ರಾ? ಮಗ್ಗ ನಿಲ್ಲಿಸ್ತೀವಿ ಅಂದ್ರಾ? ಒಬ್ಬ ಮನುಷ್ಯನ್ನ ಒಳಗಿಟ್ಟು ಚಿಲಕ ಹಾಕಿದೋನಿಗೆ ಸಹಾಯ ಮಾಡೋಷ್ಟು..."

ಮಗ್ಗದ ಸದ್ದು ನಿಂತಿತು.

ಆ ಮನೆಯಲ್ಲಿ ಹಗಲು ಹೊತ್ತು ಮಗ್ಗ ನಿಂತರೆ ಅದೇ ಒಂದು ದೊಡ್ಡ ಸದ್ದು. ಎಲ್ಲರೂ ಅತ್ತ ನೋಡಿದರು. ಪುಟ್ಟಸಿದ್ದಯ್ಯ ನೇಯುತ್ತಿದ್ದ ಬಟ್ಟೆಯ ಮೇಲೆ ಅಂಗೈ ಊರಿ ಕೂತಿದ್ದ.

"ಅವ್ರನ್ನ ಬಯ್ಯಬ್ಯಾಡ ಕಣವ್ವ," ಎಂದ. "ಚಿಲಕ ಹಾಕ್ದೋನು ನಾನು."

ಕೋಮಲಳಿಗೆ ಮೊದಲು ಮಾತು ಮಾತ್ರ ಕೇಳಿಸಿತು. ಅರ್ಥ ನಿಧಾನವಾಗಿ ಬಂತು.

"ಆವತ್ತು ನೂಲು ತರೋಕ್ ಓಗಿದ್ನಲ್ಲ. ತಕ್ಕಂಡು ಈಚೆಗ್ ಬಂದೆ. ಸಾವ್ಕಾರ್ರು ಕಾರ್ ತಾವ ನಿಂತಿದ್ರು. 'ಸಿದ್ದಯ್ಯ, ಒಳಗ್ಯಾರೂ ಇಲ್ಲ, ಹಾಕ್ಬುಡು' ಅಂದ್ರು. ಕಡೇಲಿ ನೂಲು ತಕ್ಕಂಡೋನೇ ಚಿಲಕ ಹಾಕ್ಬೇಕು, ಅಲ್ಲಿ ಮೊದ್ಲಿಂದ್ಲೂ ಅಂಗೇಯ. ಯಾವಾಗ್ಲೂ ಹಾಕೋ ಹಂಗೇ ಹಾಕ್ದೆ. ನಂಜಯ್ಯ ಮೂಟೆ ಹಿಂದೆ ಮಲಗವ್ನೆ ಅಂತ ನಂಗೊತ್ತಿದ್ರೆ ಹಾಕ್ತಿದ್ನಾ? ನನ್ ಜೊತೇಲಿ ಸ್ಕೂಲಿಗ್ ಓಗಿದ್ದೋನು ಕಣವ್ವ ಅವ್ನು."

"ಸಾವ್ಕಾರ್ರಿಗೆ ಗೊತ್ತಿತ್ತಾ?"

"ಅದು ಆ ಸಿವುನ್ಗೇ ಗೊತ್ತು. ಈಗ ಕೇಳುದ್ರೆ, ನಾನು ಅಂಗೆ ಹೇಳೇ ಇಲ್ಲ ಅಂತಾರೆ. 'ಕೈ ನಿಂದು. ಆ ಹುಡ್ಗಿ ಕಂಡಿರೋದು ನಿನ್ನ. ಅವ್ಳು ಬಾಯ್ಬುಟ್ರೆ ಒಳಕ್ ಓಗೋನು ನಾನಲ್ಲ' ಅಂದ್ರು."

ಯಾರು ಚಿಲಕ ಹಾಕಿದ್ದು ಎಂದು ಕೋಮಲ ಎಷ್ಟು ಸಲ ಕೇಳಿದ್ದಳು ರೋಜಾಳನ್ನು! "ನಿಮ್ಗೆ ಮಾತ್ರ ಹೇಳಲ್ಲ ಅಕ್ಕ, ಜಡ್ಜ್ ಮುಂದೇನೇ ಹೇಳ್ತೀನಿ" ಅನ್ನುತ್ತಿದ್ದಳು. ಹುಡುಗಿ ಹೆದರಿದ್ದಾಳೆ ಅಂದುಕೊಂಡಿದ್ದಳು ಇವಳು. ಸಾವ್ಕಾರನ ಹೆಸರೆತ್ತಲು ಹೆದರುತ್ತಿದ್ದಾಳೆ ಅಂತ.

"ನಂಗ್ಯಾಕಪ್ಪ ಹೇಳ್ಲಿಲ್ಲ?" ಎಂದಳು. ಬಯ್ಯಬೇಕೆಂದುಕೊಂಡದ್ದು ಅಳುವಾಗಿ ಬಂತು. "ಎಲ್ರೂ ಸೇರಿ... ನಾನು ಹೋದ್ ವಾರ ಇಲ್ಲೇ ಕೂತು ಉಂಡೆ. ರೋಜಾ ಹುಷಾರಾಗವ್ಳಾ ಅಂತ ಕೇಳಿದ್ಯಲ್ಲಪ್ಪ ನೀನು. ಅದು ಅವಳ ಮೇಲಿನ ಕಾಳಜಿ ಅಂದ್ಕೊಂಡೆ. ಎಲ್ಲವ್ಳೆ ಅಂತ ನನ್ನ ಬಾಯಿಂದ ಬೀಳುತ್ತಾ ಅಂತ ನೋಡ್ತಾ ಇದ್ಯಾ?"

ಪುಟ್ಟಸಿದ್ದಯ್ಯ ಇಲ್ಲ ಎನ್ನಲಿಲ್ಲ.

"ಒಂದ್ ಮಾತು ನಂಗೆ ಹೇಳಿದ್ರೆ..."

"ಹೇಳಿದ್ರೆ ನೀನು ಯಾವ್ ಕಡೆ ನಿಲ್ತಿದ್ದೆ ಅಂತ ನಂಗೊತ್ತಿತ್ತು ಕಣವ್ವ."

ಅಪ್ಪನ ದನಿಯಲ್ಲಿ ಕೋಪವಿರಲಿಲ್ಲ. ದೂರೂ ಇರಲಿಲ್ಲ. ಅದಕ್ಕೇ ಅದು ನೆಟ್ಟಗೆ ಎದೆಗೆ ಬಂದು ನಿಂತಿತು.

ಆಗ ಬೀದಿಯಲ್ಲಿ ಸ್ಕೂಟರ್ ಸದ್ದು.

"ಕೋಮ್ಲವ್ವಾ! ಹನೂರಿಂದ ಬಂದ್ಬುಟ್ಯಾ? ಬಿರ್ನೆ ಬಾ, ಯಾರ್ನ ಕರಕಂಡ್ ಬಂದಿವ್ನಿ ನೋಡು!"

ಕೆಂಚಯ್ಯನ ಗಂಟಲು ಬೀದಿಗೆಲ್ಲ ಕೇಳಿಸುವಂಥದ್ದು. ಸ್ಕೂಟರಿನ ಹಿಂದೆ ಮುಖಕ್ಕೆ ವೇಲು ಸುತ್ತಿಕೊಂಡು ರೋಜಾ ಕೂತಿದ್ದಳು. ಕಾಲಿಗೆ ಕೆಸರು ಮೆತ್ತಿ ಒಣಗಿತ್ತು.

"ನಾನೇನ್ ಹುಡುಕ್ನಿಲ್ಲ ಕಣವ್ವ, ಸುಳ್ಯಾಕೆ! ಇವ್ಳೇ ನನ್ ಗಾಡಿ ಕಂಡು ರೋಡಿಗೆ ಬಂದು ನಿಂತ್ಲು. ಅಕ್ಕುನ್ ಮನೆಗ್ ಬ್ಯಾಡ, ಸ್ಟೇಶನ್‌ಗೆ ಓಗನ ನಡಿ ಅಂದ್ರೆ, ಇಲ್ಲ, ನಿಮ್ಮನೆಗೇ ಅಂತ ಹಟ ಹಿಡ್ದವ್ಳೆ. ನಿಮ್ಮಪ್ಪನ್ ತಾವ ಏನೋ ಮಾತಾಡ್ಬೇಕಂತೆ."

ರೋಜಾ ಇಳಿದು ಬಾಗಿಲವರೆಗೆ ಬಂದಳು. ಹೊಸ್ತಿಲಾಚೆಯೇ ನಿಂತಳು. ಅವಳ ಕಣ್ಣು ಕೋಮಲಳನ್ನು ದಾಟಿ, ಮಹದೇವಮ್ಮನನ್ನು ದಾಟಿ, ಮಗ್ಗದ ಮೇಲೆ ನಿಂತಿತು.

"ಒಳಕ್ ಓಗವ್ವ, ಬಿಸ್ಲಾಗ್ಯಾಕ್ ನಿಂತ್ಕತೀಯ?" ಎಂದ ಕೆಂಚಯ್ಯ, ಸ್ಕೂಟರನ್ನು ಎದುರುಮನೆಯ ನೆರಳಿಗೆ ತಳ್ಳುತ್ತ.

"ಇಲ್ಲೇ ಇರ್ತೀನಿ ಸಾ. ಅಯ್ಯಾರ್ನೇ ವಸಿ ಈಚೆಗ್ ಬರೇಳಿ."

ಪುಟ್ಟಸಿದ್ದಯ್ಯ ಗುಂಡಿಯಿಂದ ಏಳಲು ಹೋದ. ಏಳುವ ಭರಕ್ಕೆ ಅವನ ಕೈ ಲಾಳಿಯ ದಾರವನ್ನು ಜಗ್ಗಿತು. ಲಾಳಿ ಹಲಗೆ ಬಿಟ್ಟು ಹಾರಿ, ನೆಲದ ಮೇಲೆ ಜಾರುತ್ತ ಬಂದು, ಬಾಗಿಲ ಒಳಗೆ ಚೊಂಬಿನ ಹತ್ತಿರ ನಿಂತಿತು. ಕೆಂಪು ನೂಲು ಹಿಂದೆಯೇ ಬಿಚ್ಚಿಕೊಂಡು ಬಂತು.

ಲಾಳಿ ಬಿದ್ದರೆ ನೂಲು ಸಿಕ್ಕಾಗುವ ಮೊದಲು ಓಡಿಬಂದು ಎತ್ತಿಕೊಡುವುದು ರೋಜಾಳ ಕೆಲಸವಾಗಿತ್ತು. ಅವಳು ಯೋಚಿಸಲಿಲ್ಲ. ಹೊಸ್ತಿಲು ದಾಟಿದಳು, ಬಗ್ಗಿದಳು, ಲಾಳಿಯನ್ನು ಎತ್ತಿಕೊಂಡು ನೂಲನ್ನು ಬೆರಳಿಗೆ ಸುತ್ತತೊಡಗಿದಳು.

ಅವಳ ಬೆನ್ನ ಹಿಂದೆ ಉಮೇಶ ಬಾಗಿಲು ಮುಚ್ಚಿದ.